ಸೀಸದ ಕೋಣೆಯ ಓಬಣ್ಣ

ಬಾಗಿಲು ಸ್ವಲ್ಪ ಮುಂದೆ ಮಾಡಿ. ಚಿಲಕ ಹಾಕಬೇಡಿ… ಹಾಗೇ ಇರಲಿ. ಯಾಕೆ ಅಂತ ನಾನು ಹೇಳಿ ಮುಗಿಸುವ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ.

ಇದು ನಡೆದದ್ದು ನನ್ನ ಸೋದರಮಾವನ ಮಗಳು ಪಲ್ಲವಿಗೆ. ಜವನಗೊಂಡನಹಳ್ಳಿಯ ಹುಡುಗಿ. ದೆವ್ವದ ಮಾತೆತ್ತಿದರೆ "ಕೆಲಸವಿಲ್ಲದವರಿಗೇ ಅದು ಕಾಣೋದು" ಅಂತ ನನ್ನ ಬಾಯಿ ಮುಚ್ಚಿಸುತ್ತಿದ್ದವಳು. ಐಮಂಗಲದಿಂದ ಒಳಕ್ಕೆ, ಗಾಳಿಫ್ಯಾನುಗಳ ಗುಡ್ಡದ ಬುಡದಲ್ಲಿ ಒಂದು ಎಕ್ಸ್‌ರೇ ಪ್ರಯೋಗಶಾಲೆ. ಅಲ್ಲಿ ಅವಳು ಪಿಎಚ್.ಡಿ. ಮಾಡುತ್ತಿದ್ದಳು. ಸಂಸ್ಥೆಯ ಹೆಸರು ಕೇಳಬೇಡಿ, ಹೇಳುವುದಿಲ್ಲ. ಅಲ್ಲಿ ಇನ್ನೂ ಜನ ಕೆಲಸ ಮಾಡುತ್ತಿದ್ದಾರೆ.

ಹೋದ ವರ್ಷ, ಸಂಕ್ರಾಂತಿ ಕಳೆದು ನಾಲ್ಕೈದು ದಿನ. ರಾತ್ರಿ ಹನ್ನೊಂದೂವರೆ. ಯಂತ್ರ ಬೆಳಗಿನವರೆಗೂ ತಾನೇ ಓಡುವಂತೆ ಹೊಂದಿಸಿಟ್ಟು ಪಲ್ಲವಿ ಹಾಸ್ಟೆಲ್ಲಿಗೆ ಹೊರಟಿದ್ದಳು. ಅರ್ಧ ಕಿಲೋಮೀಟರ್ ದಾರಿ. ನಡುವೆ, ಬೇಲಿಯ ಆಚೆ ಬದಿಗೆ ಒತ್ತಿಕೊಂಡು ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ, ಸುತ್ತ ಮೊಣಕಾಲೆತ್ತರದ ಕಟ್ಟೆ. ಗುಡ್ಡದ ಮೇಲೆ ಫ್ಯಾನುಗಳು ತಿರುಗುವ ಸದ್ದು… ವೂಪ್… ವೂಪ್… ವೂಪ್… ಅದು ದಿನಾ ಇರುವ ಸದ್ದು. ಅದಕ್ಕೆ ಯಾರೂ ಹೆದರುವುದಿಲ್ಲ.

ಬಾವಿಯ ಹತ್ತಿರ ಬಂದಾಗ ಬೀಡಿ ವಾಸನೆ ಬಂತು.

ಆಮೇಲೆ ಇನ್ನೊಂದು ಸದ್ದು. ಟಿಕ್… ಟಿಕ್‌ಟಿಕ್… ಟಿಕ್… ನೀರು ತೊಟ್ಟಿಕ್ಕುತ್ತಿದೆ ಅಂದುಕೊಂಡಳು. ಆದರೆ ನೀರಿಗೆ ಒಂದು ತಾಳ ಇರುತ್ತದೆ. ಇದಕ್ಕಿರಲಿಲ್ಲ. ಇದು ಅವಳ ಲ್ಯಾಬಿನ ಕೌಂಟರಿನ ಸದ್ದು. ಒಡೆದ ಅಣುವಿನ ಒಂದೊಂದು ಚೂರು ಬಂದು ತಾಗಿದಾಗಲೂ ಅದು ಹೀಗೆ ಟಿಕ್ಕೆನ್ನುತ್ತದೆ. ನಾಲ್ಕು ವರ್ಷ ಕೇಳಿದ ಕಿವಿ, ತಪ್ಪುವ ಮಾತೇ ಇಲ್ಲ. ಲ್ಯಾಬೋ ಹಿಂದೆ ಮುನ್ನೂರು ಮೀಟರ್ ದೂರ, ಸೀಸದ ಗೋಡೆಯ ಒಳಗೆ.

ಅವಳು ನಿಂತಳು. ಸದ್ದೂ ನಿಂತಿತು.

"ಯಾರದು?"

ಬಾವಿಕಟ್ಟೆಯ ಆಚೆ ಒಂದು ಕೆಂಡದ ಚುಕ್ಕೆ… ಮೆಲ್ಲಗೆ ಕೆಳಗಿಳಿಯಿತು. ಹೆಣ್ಣುಮಕ್ಕಳು ಎದುರಾದಾಗ ಮರ್ಯಾದಸ್ಥರು ಬೀಡಿ ಕೆಳಗೆ ಮಾಡುತ್ತಾರಲ್ಲ, ಹಾಗೆ.

ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ಕಿಣಿಂಗ್ ಅಂದಿತು. ಲ್ಯಾಬಿನ ಯಂತ್ರ ತಾನಾಗಿ ಕಳಿಸಿದ ಮೆಸೇಜು: ಪ್ರಯೋಗ ನಿಂತಿದೆ. ಕಾರಣ, ಕೋಣೆ ಖಾಲಿ ಇಲ್ಲ.

ಕೋಣೆ ಅಂದರೆ ಯಾವ ಕೋಣೆ, ಅದನ್ನು ಮೊದಲು ಹೇಳಬೇಕು.

ಎಕ್ಸ್‌ರೇ ಬರುವ ಜಾಗಕ್ಕೆ ಸುತ್ತ ಸೀಸದ ಗೋಡೆ, ಸೀಸದ ಬಾಗಿಲು. ಕಿರಣ ಬಿಡುವ ಮೊದಲು ಒಬ್ಬರು ಒಳಗೆ ಹೋಗಿ ಮೂಲೆ ಮೂಲೆ ನೋಡಬೇಕು. ತುದಿಯ ಗೋಡೆಯಲ್ಲಿ ಒಂದು ಹಳದಿ ಗುಂಡಿ ಇದೆ, ಅದನ್ನು ಒತ್ತಬೇಕು… ಟಣ್. ಪೀಂ ಪೀಂ ಅಂತ ಕೂಗು ಶುರುವಾಗುತ್ತದೆ. ಅದು ನಿಲ್ಲುವುದರೊಳಗೆ "ಯಾರಾದರೂ ಇದ್ದೀರಾ" ಅಂತ ಕರೆದು, ಹೊರಬಂದು, ಬಾಗಿಲು ಹಾಕಬೇಕು. ಆಗ ದೀಪ ಹಸಿರಾಗುತ್ತದೆ. ಯಾಕೆ ಇಷ್ಟೆಲ್ಲ ಅಂದರೆ, ಕಿರಣ ಮೈಗೆ ಬಿದ್ದರೆ ಗೊತ್ತೇ ಆಗುವುದಿಲ್ಲ. ಬಿಸಿಯಿಲ್ಲ, ಬೆಳಕಿಲ್ಲ, ನೋವಿಲ್ಲ. ಗೊತ್ತಾಗುವುದು ವಾರದ ಮೇಲೆ.

ಅವಳಿಗೆ ಇದನ್ನು ಕಲಿಸಿದವನು ಓಬಣ್ಣ. ಐಮಂಗಲದವನು, ಲ್ಯಾಬಿನ ಮೆಕ್ಯಾನಿಕ್ಕು. ಕೋಣೆಯೊಳಗಿನ, ಪಂಪಿನಿಂದ ಗಾಳಿ ಹೀರಿ ಬರಿದು ಮಾಡುವ ದೊಡ್ಡ ಉಕ್ಕಿನ ಡ್ರಮ್ಮನ್ನು ನಟ್ಟು ನಟ್ಟು ಸೇರಿಸಿ ನಿಲ್ಲಿಸಿದವನು. ಬೇರೆಯವರೆಲ್ಲ "ಯಾರಾದರೂ ಇದ್ದೀರಾ" ಅಂತ ಬಾಯೊಳಗೇ ಗೊಣಗಿ ಬಂದರೆ, ಓಬಣ್ಣ ಸಂತೆಯಲ್ಲಿ ಕೂಗುವ ಹಾಗೆ ಕೂಗುತ್ತಿದ್ದ: "ಒಳಗೆ ಯಾರಿದ್ದೀರ್ರಪ್ಪಾ… ಹೊರಗ್ ಬರ್ರಿ… ಬಾಗ್ಲು ಹಾಕ್ತೀನೀ…" ಮೂರು ಸಲ. ಖಾಲಿ ಕೋಣೆಗೆ ಯಾಕೆ ಅಷ್ಟು ಮರ್ಯಾದೆ ಅಂತ ಹುಡುಗರು ನಗುತ್ತಿದ್ದರು. "ಖಾಲಿ ಐತೆ ಅಂತ ಯಾರ್ ಹೇಳಿದ್ರು ನಿಂಗೆ?" ಅನ್ನುತ್ತಿದ್ದ.

ಓದಿದ್ದು ಏಳನೇ ಕ್ಲಾಸು. ಆದರೆ ಅವಳ ಪ್ರಯೋಗ ಏನೆಂದು ನನಗೆ ಅರ್ಥವಾದದ್ದು ಅವನ ಮಾತಿನಿಂದಲೇ. ಅವರು ಮೀಥೈಲ್ ಅಯೋಡೈಡ್ ಅನ್ನುವ ಅನಿಲವನ್ನು ದಾರದ ಎಳೆಯಷ್ಟು ಸಣ್ಣಗೆ ಬಿಟ್ಟು ಅದಕ್ಕೆ ಎಕ್ಸ್‌ರೇ ಹೊಡೆಯುತ್ತಿದ್ದರು. ಪುಟ್ಟ ಅಣು: ಒಂದು ಅಯೋಡಿನ್, ಒಂದು ಇಂಗಾಲ, ಮೂರು ಜಲಜನಕ. ಕಿರಣ ಅಯೋಡಿನ್ನಿನ ತೀರಾ ಒಳಗಿನ ಎಲೆಕ್ಟ್ರಾನನ್ನೇ ಕಿತ್ತು ಹಾಕುತ್ತದೆ. ಆಮೇಲೆ?

"ಆಮ್ಯಾಲೇನವ್ವಾ, ದೇವರ ಮನೆ ದೀಪ ಕದ್ದಂಗೆ," ಅಂದಿದ್ದನಂತೆ ಓಬಣ್ಣ. "ಅದಕ್ಕೆ ನಡುಮನೆ ದೀಪ ತಂದು ಇಡ್ತಾರೆ. ನಡುಮನೆ ಕತ್ಲು ಅಂತ ಪಡಸಾಲೆದು ತರ್ತಾರೆ. ಕೊನೀಗೆ ಪಕ್ಕದ ಮನೇದೂ ಎಳ್ಕಂತಾರೆ. ಕದ್ದೋನು ಒಂದೇ ದೀಪ ಕದ್ದಿದ್ದು. ಕತ್ಲಾಗಿದ್ದು ಮಾತ್ರ ಎಲ್ಡೂ ಮನೆ."

ನಿಜವಾಗಿಯೂ ಹಾಗೇ ಆಗುತ್ತದಂತೆ. ಅಯೋಡಿನ್ನು ಪಕ್ಕದ ಇಂಗಾಲದಿಂದಲೂ ಎಲೆಕ್ಟ್ರಾನು ಎಳೆದುಕೊಂಡು, ಕೊನೆಗೆ ಇಡೀ ಅಣು ಸಿಡಿದು ಚೂರಾಗುತ್ತದೆ. ಆ ಚೂರುಗಳ ಎಣಿಕೆಯೇ ಪಲ್ಲವಿಯ ನಾಲ್ಕು ವರ್ಷ.

ಈಗ ಆ ಶನಿವಾರದ ವಿಷಯ. ಬಾವಿಯ ರಾತ್ರಿಗೆ ಹನ್ನೊಂದು ತಿಂಗಳ ಹಿಂದಿನದು.

ಪಲ್ಲವಿಯ ಗೈಡು ನಿರಂಜನ್ ಸರ್. ಬುದ್ಧಿವಂತ, ಮಾತು ಬೆಣ್ಣೆ. ಅವತ್ತು ಅವಸರದಲ್ಲಿದ್ದರು. ಪ್ರತಿ ಸಲ ಕೋಣೆ ಹುಡುಕಲು ನಾಲ್ಕು ನಿಮಿಷ ಹೋಗುತ್ತದೆ ಅಂತ ಬಾಗಿಲ ಪಕ್ಕದ ಪೆಟ್ಟಿಗೆ ತೆರೆದು, ಎರಡಿಂಚು ವೈರು ಸಿಕ್ಕಿಸಿಬಿಟ್ಟರು. ಅಷ್ಟಾದರೆ ಮುಗಿಯಿತು. ಕೋಣೆ ಖಾಲಿ, ಬಾಗಿಲು ಹಾಕಿದೆ ಅಂತ ಯಂತ್ರ ನಂಬಿಕೊಳ್ಳುತ್ತದೆ. ಕೂಗೂ ಇಲ್ಲ, ದೀಪವೂ ಇಲ್ಲ.

"ಆನ್ ಮಾಡು ಪಲ್ಲವಿ."

"ಸರ್, ಒಳಗೆ ನೋಡ್ಬೇಕಲ್ವಾ?"

"ನಾನೇ ನೋಡ್ಕೊಂಡು ಬಂದೆ. ಆನ್ ಮಾಡಮ್ಮ."

ಮಾಡಿದಳು. ಪಂಪಿನ ಹಿಂದೆ ಓಬಣ್ಣ ಇದ್ದ. ಅನಿಲದ ನಳಿಗೆ ಬಿಗಿ ಮಾಡಲು ಎದ್ದು ಬಂದು ಕಿರಣದ ಕಿಂಡಿಯ ಮುಂದೆ ಬಲಗೈ ಚಾಚಿದ್ದ. ಮೂರು ನಿಮಿಷ. ಅವನಿಗೇ ಗೊತ್ತಾಗಲಿಲ್ಲ; ಕೆಲಸ ಮುಗಿಸಿ ಅವನು ಹೊರಬಂದಾಗಲೇ ಪಲ್ಲವಿ ಕಿರಣ ಆರಿಸಿದ್ದು. ಹತ್ತನೇ ದಿನಕ್ಕೆ ಬೆರಳು ಕಪ್ಪಾದವು. ಎರಡು ಬೆರಳು ಆಸ್ಪತ್ರೆಯಲ್ಲಿ ಹೋದವು.

ವಿಚಾರಣೆ ಬಂತು. ಅದರ ಹಿಂದಿನ ಭಾನುವಾರ ನಿರಂಜನ್ ಸರ್ ಜವನಗೊಂಡನಹಳ್ಳಿಗೆ ಬಂದರು. ನಮ್ಮತ್ತೆ, ಅಂದರೆ ಪಲ್ಲವಿಯ ಅಮ್ಮನನ್ನು, ಅಕ್ಕಾ ಅಂತ ಕರೆದು, ಮುದ್ದೆ ಸಾರು ಕೇಳಿ ಕೇಳಿ ಉಂಡರು. ಕೈ ತೊಳೆಯುವಾಗ ಪಲ್ಲವಿಗೆ ಮಾತ್ರ ಕೇಳುವಂತೆ ಹೇಳಿದರು: "ಒಂದು ಸಹಿ ಅಷ್ಟೇ. ಇಲ್ಲಾಂದ್ರೆ ಲ್ಯಾಬ್ ಮುಚ್ತಾರೆ, ನಿನ್ನ ಮೂರು ವರ್ಷ ನೀರಿಗೆ ಹೋಗುತ್ತೆ. ಪೇಪರ್ರಲ್ಲಿ ಮೊದಲನೇ ಹೆಸರು ನಿಂದೇ. ನನ್ನ ಮಾತಿದು."

ಸಂಶೋಧನೆಯವರಿಗೆ ಮೊದಲನೇ ಹೆಸರು ಅಂದರೆ ಎಲ್ಲ. ಕೆಲಸ ಯಾರದು ಅನ್ನುವುದಕ್ಕೆ ಅದೊಂದೇ ಸಾಕ್ಷಿ.

ಸಹಿಗೆ ಅಂತ ಸರ್ ಬರೆದು ತಂದ ಹೇಳಿಕೆಯಲ್ಲಿ ಹೀಗಿತ್ತು: ವೈರು ಸಿಕ್ಕಿಸಿದವನು ಓಬಣ್ಣನೇ. ಹೇಳದೆ ಒಳಗೆ ಹೋದವನೂ ಅವನೇ. ಎದೆಗೆ ಬ್ಯಾಡ್ಜು ಕೂಡ ಹಾಕಿರಲಿಲ್ಲ. ಬ್ಯಾಡ್ಜು ಅಂದರೆ ಮೈಗೆ ಎಷ್ಟು ಕಿರಣ ಬಿತ್ತು ಅಂತ ತೋರಿಸುವ ಬಿಲ್ಲೆ. ಅಲ್ಲಿ ಎಲ್ಲರಿಗೂ ಒಂದೊಂದು ನಂಬರು. ಓಬಣ್ಣನದು ಹದಿನಾಲ್ಕು. ಅವನು ಹಾಕಿದ್ದ. ಆ ಶನಿವಾರ ಅವನು ಕೋಣೆಯಿಂದ ಹೊರಬಂದ ಕೂಡಲೇ ಸರ್ ಅವನ ಅಂಗಿಯಿಂದ ಅದನ್ನು ಬಿಚ್ಚಿ ಜೇಬಿಗಿಳಿಸಿದ್ದನ್ನು ಪಲ್ಲವಿ ಕಂಡಿದ್ದಳು.

ಕಂಡೂ ಸಹಿ ಹಾಕಿದಳು. ನನ್ನ ಮಾವನ ಮಗಳೇ. ಮುಚ್ಚಿಟ್ಟು ನನಗೇನಾಗಬೇಕು?

ಓಬಣ್ಣನನ್ನು ಕೆಲಸದಿಂದ ತೆಗೆದರು. ಗೇಟಿನೊಳಗೆ ಬಿಡಲಿಲ್ಲ. ಸಂಜೆ ಹೊತ್ತು ಬೇಲಿಯಾಚೆ ಬಾವಿಕಟ್ಟೆಯ ಮೇಲೆ ಬಂದು ಕೂರುತ್ತಿದ್ದ, ಎಡಗೈಯಲ್ಲಿ ಬೀಡಿ. ಪಲ್ಲವಿ ಹಾದುಹೋದರೆ ಬೀಡಿ ಕೆಳಗೆ ಮಾಡಿ "ಉಂಡ್ಯೇನವ್ವಾ?" ಅಂತ ಕೇಳುತ್ತಿದ್ದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ ಅವಳು. ಕಾರ್ತಿಕದಲ್ಲಿ ಒಂದು ಸಂಜೆ ಕುಂತಲ್ಲೇ ಹೋಗಿಬಿಟ್ಟಿದ್ದ. ಅವನ ಹೆಂಡತಿ ಚಂದ್ರಕ್ಕ ಬಂದು ನೋಡಿದಾಗ ಬೀಡಿ ಇನ್ನೂ ಬೆರಳ ಸಂದಿಯಲ್ಲಿತ್ತಂತೆ.

ಈಗ ಗೊತ್ತಾಯಿತಲ್ಲ, ಆ ರಾತ್ರಿ ಬಾವಿಯ ಹತ್ತಿರ ಬೀಡಿ ಕೆಳಗೆ ಮಾಡಿದವನು ಯಾರು ಅಂತ. ಆದರೂ ಪ್ರಯೋಗ ನಿಂತಿದೆ. ಪಿಎಚ್.ಡಿ.ಗೆ ಬೇಕಾದ ಕೊನೆಯ ಎಣಿಕೆ ಅದು. ತಿರುಗಿ ಲ್ಯಾಬಿಗೆ ಓಡಿದಳು.

ಒಳಗೆ ಪಂಪು ಗುರ್ರ್ ಅನ್ನುತ್ತಿತ್ತು. ಬಾಗಿಲ ಮೇಲೆ ದೀಪ ಕೆಂಪು. ಸೀಸದ ಬಾಗಿಲು ತೆರೆದು ಕೋಣೆಯೆಲ್ಲ ನೋಡಿದಳು. ಯಾರೂ ಇಲ್ಲ. ಗುಂಡಿ ಒತ್ತಿದಳು. ಟಣ್… ಪೀಂ… ಪೀಂ… "ಯಾರಾದರೂ ಇದ್ದೀರಾ?" ಹೊರಬಂದು ಬಾಗಿಲು ಹಾಕಿದಳು. ಧಡ್… ಕಟಕ್.

ದೀಪ ಕೆಂಪೇ.

ಇನ್ನೊಂದು ಸಲ. ಟಣ್… ಪೀಂ… ಧಡ್… ಕಟಕ್. ಕೆಂಪು. ಮೂರನೇ ಸಲ ಪಂಪಿನ ಹಿಂದೆ ಟಾರ್ಚು ಬಿಟ್ಟು ನೋಡಿದಳು. ಒಂದು ಸ್ಪ್ಯಾನರು ಬಿದ್ದಿತ್ತು. ಅಷ್ಟೇ. ದೀಪ ಮಾತ್ರ ಕೆಂಪು. ಕೋಣೆ ಖಾಲಿ ಇಲ್ಲ.

ಸೋತು ಬಂದು ಕಂಪ್ಯೂಟರಿನ ಮುಂದೆ ಕೂತಳು. ಸಂಜೆ ಅದರಲ್ಲಿ ಕೆಲಸ ಮಾಡಿದ್ದ ಸರ್ ತಮ್ಮ ಮೇಲ್ ಮುಚ್ಚದೆ ಹೋಗಿದ್ದರು. ಮೇಲೇ ಇತ್ತು: ನಿಮ್ಮ ಪೇಪರನ್ನು ಒಪ್ಪಿಕೊಂಡಿದ್ದೇವೆ. ಅವಳ ಪೇಪರು. ಅವಳು ಬರೆದದ್ದು. ಹೆಸರು ನೋಡಿದಳು. ಮೊದಲನೇ ಹೆಸರು ದಿವ್ಯಾ. ಸರ್ ಅವರ ಹೊಸ ವಿದ್ಯಾರ್ಥಿನಿ, ಲ್ಯಾಬಿಗೆ ಬಂದು ಮೂರು ತಿಂಗಳು. ಎರಡನೇ ಹೆಸರು ಸರ್ ಅವರದು. ಮೂರನೆಯದು ಇರಲಿಲ್ಲ. ಕೊನೆಯ ಪುಟದ ತಳದಲ್ಲಿ ಸಣ್ಣಕ್ಷರದ ಒಂದು ಸಾಲು: ಎಣಿಕೆಯಲ್ಲಿ ನೆರವಾದ ಪಲ್ಲವಿಗೆ ವಂದನೆಗಳು.

ಹೊತ್ತು ನೋಡಲಿಲ್ಲ, ಫೋನು ಮಾಡಿದಳು.

"ಸರ್… ನನ್ನ ಹೆಸರು?"

ಆ ಕಡೆಯಿಂದ ಮೆಲ್ಲಗೆ, ಪಕ್ಕದಲ್ಲಿ ಮಲಗಿದವರಿಗೆ ಕೇಳಬಾರದು ಅನ್ನುವ ಹಾಗೆ: "ನಾಳೆ ಮಾತಾಡೋಣ."

"ನೀವು ಮಾತು ಕೊಟ್ಟಿದ್ರಿ ಸರ್. ನಮ್ಮನೇಲಿ ಊಟ ಮಾಡಿ ಮಾತು ಕೊಟ್ಟಿದ್ರಿ."

"ಪಲ್ಲವಿ… ಆ ಹೇಳಿಕೆಗೆ ಸಹಿ ಹಾಕಿದ್ದು ನೀನು. ನಾನಲ್ಲ. ಅದು ನೆನಪಿರಲಿ."

ಟುಕ್. ಫೋನಿಟ್ಟರು.

ನೋಡಿ, ಹಗೆಯವನು ಮೋಸ ಮಾಡಿದರೆ ಸಿಟ್ಟು ಬರುತ್ತದೆ. ನಂಬಿದವನು ಮಾಡಿದರೆ ಸಿಟ್ಟೂ ಬರುವುದಿಲ್ಲ, ಮೈಯಲ್ಲಿ ಕಸುವೇ ಇರುವುದಿಲ್ಲ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಎಷ್ಟು ಹೊತ್ತೋ ಗೊತ್ತಿಲ್ಲ.

ಆಗ… ಕೋಣೆಯೊಳಗೆ ಸದ್ದಾಯಿತು.

ಕಿರ್ರ್… ಕಿರ್ರ್… ಸ್ವಲ್ಪ ಬಿಟ್ಟು… ಕಿರ್ರ್. ನಟ್ಟು ಬಿಗಿ ಮಾಡುವ ಸದ್ದು. ಮೂರು ಸುತ್ತು, ಒಂದು ಉಸಿರು, ಇನ್ನೊಂದು ಸುತ್ತು. ಉಕ್ಕಿಗೂ ಒಂದು ಉಸಿರು ಕೊಡಬೇಕು ಅಂತ ಹಾಗೆ ಬಿಗಿ ಮಾಡುತ್ತಿದ್ದವನು ಆ ಲ್ಯಾಬಿನಲ್ಲಿ ಒಬ್ಬನೇ.

ಆಮೇಲೆ… ಟಣ್.

ತುದಿಗೋಡೆಯ ಗುಂಡಿ. ಅದನ್ನು ಹೊರಗಿನಿಂದ ಒತ್ತಲಾಗುವುದಿಲ್ಲ. ಒಳಗಿದ್ದವರೇ ಒತ್ತಬೇಕು.

ಪೀಂ… ಪೀಂ… ಪೀಂ…

ಓಡಿಹೋಗಬಹುದಿತ್ತು. ನಾನಾಗಿದ್ದರೆ ಹಿರಿಯೂರು ದಾಟುವವರೆಗೂ ನಿಲ್ಲುತ್ತಿರಲಿಲ್ಲ. ಅವಳು ಹೋಗಿ ಬಾಗಿಲು ತೆರೆದಳು. ಒಳಗೆ ಲೈಟು ಉರಿಯುತ್ತಿತ್ತು. ಯಾರೂ ಇರಲಿಲ್ಲ. ಬೀಡಿ ವಾಸನೆ ಮಾತ್ರ ಇತ್ತು. ಆ ಕೋಣೆಯಲ್ಲಿ ಯಾವ ಕಾಲಕ್ಕೂ ಬೀಡಿ ಹಚ್ಚಿದವರಿಲ್ಲ.

ಆಗ ಅವಳಿಗೆ ಹೊಳೆಯಿತು. ಆ ಶನಿವಾರ ಅವನನ್ನು ಯಾರೂ ಕರೆದಿರಲಿಲ್ಲ. ಎಲ್ಲರನ್ನೂ ಮೂರು ಮೂರು ಸಲ ಕರೆದವನು… ಅವನನ್ನು ಒಂದು ಸಲವೂ ಯಾರೂ ಹೊರಗೆ ಕರೆದಿರಲಿಲ್ಲ.

ಕೂಗಿದಳು. ಅವನ ಹಾಗೆಯೇ.

"ಒಳಗೆ ಯಾರಿದ್ದೀರ್ರಪ್ಪಾ… ಹೊರಗ್ ಬರ್ರಿ… ಬಾಗ್ಲು ಹಾಕ್ತೀನೀ…"

ಪೀಂ ನಿಂತಿತು. ಪಂಪಿನ ಗುರ್ರ್ ಕೂಡ ನಿಂತ ಹಾಗಾಯಿತು. ಪಂಪಿನ ಹಿಂದಿನಿಂದ, ಉಸಿರಿನಷ್ಟು ಸಣ್ಣಗೆ…

"ಮೊದಲ್ನೇ ಹೆಸ್ರು ಬಂತೇನವ್ವಾ?"

ಅದರಲ್ಲಿ ಕೋಪವಿರಲಿಲ್ಲ. ಉಂಡ್ಯೇನವ್ವಾ ಅಂತ ಕೇಳಿದ ಹಾಗೇ ಇತ್ತು. ಮೊದಲನೇ ಹೆಸರಿನ ಮಾತು ಅವಳನ್ನೂ ಸರ್ ಅವರನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ನಮ್ಮತ್ತೆಗೂ ಗೊತ್ತಿರಲಿಲ್ಲ. ಅಂದರೆ… ಅಷ್ಟು ದಿನ ಬಾವಿಕಟ್ಟೆಯ ಮೇಲೆ ಕೂತಿದ್ದಾಗ ಅವನಿಗೆ ಗೊತ್ತಿತ್ತೋ ಏನೋ.

"ಇಲ್ಲ ಓಬಣ್ಣ," ಅಂದಳು. "ಬರ್ಲಿಲ್ಲ."

ಹೊರಗೆ ಗುಡ್ಡದ ಮೇಲೆ… ವೂಪ್… ವೂಪ್…

"ಮತ್ತೆ… ನನ್ನ ಬೆರಳು ಯಾತಕ್ ಹೋದ್ವವ್ವಾ?"

ಇದಕ್ಕೆ ಏನು ಹೇಳುತ್ತೀರಿ? ನೀವು ಹೇಳಿ ನೋಡೋಣ. ಅವಳು ಸೀಸದ ಬಾಗಿಲಿಗೆ ಹಣೆ ಹಚ್ಚಿ ನಿಂತಳು.

"ವೈರು ಹಾಕಿದ್ದು ನೀನಲ್ಲ. ನಂಗೊತ್ತಿತ್ತು. ನಾನು ಸುಳ್ಳಿಗೆ ಸಹಿ ಹಾಕ್ದೆ. ಬೆಳಿಗ್ಗೆ ನಿಜ ಬರ್ದು ಕೊಡ್ತೀನಿ. ಹೊರಗ್ ಬಾರಣ್ಣ… ಇಲ್ಲಿರಬೇಡ. ಬಾಗ್ಲು ಹಾಕ್ತೀನಿ."

ಬೀಡಿ ವಾಸನೆ ಹತ್ತಿರವಾಯಿತು. ಭುಜದ ಪಕ್ಕ ಹಾದು ಹೊರಗೆ ಹೋಯಿತು. ಯಾರೂ ತಾಗಲಿಲ್ಲ, ಗಾಳಿಯೂ ಆಡಲಿಲ್ಲ. ಅವಳು ಬಾಗಿಲೆಳೆದಳು. ಧಡ್… ಕಟಕ್.

ದೀಪ ಹಸಿರಾಯಿತು.

ಕಿರಣ ಬಿಡಲಿಲ್ಲ ಅವಳು. ಮೇನ್ ಸ್ವಿಚ್ ಆರಿಸಿ, ಬಿಳಿ ಹಾಳೆ ತೆಗೆದುಕೊಂಡು ಬೆಳಗಿನ ತನಕ ಬರೆದಳು. ಒಂದು ಪ್ರತಿ ವಿಚಾರಣೆಯವರಿಗೆ. ಒಂದು ಪ್ರತಿ ಹಿಡಿದುಕೊಂಡು ಐಮಂಗಲಕ್ಕೆ, ಚಂದ್ರಕ್ಕನ ಮನೆಗೆ. ಚಂದ್ರಕ್ಕ ಪೂರ್ತಿ ಓದಿಸಿ ಕೇಳಿದಳು. ಹಾಳೆ ಮಡಚಿ ದೇವರ ಗೂಡಿನಲ್ಲಿಟ್ಟಳು. "ಅವ್ರು ಇದ್ದಾಗ ಬರ್ಬೇಕಿತ್ತು ಕಣವ್ವಾ" ಅಂದಳು. ಕುಂತ್ಕ ಅಂತಲೂ ಅನ್ನಲಿಲ್ಲ.

ಆಮೇಲೆ ನ್ಯಾಯ ಸಿಕ್ಕಿತು ಅಂತ ಹೇಳಿದರೆ ನಿಮಗೆ ನಿದ್ದೆ ಚೆನ್ನಾಗಿ ಬರುತ್ತದೆ, ಅಲ್ವಾ? ಸಿಗಲಿಲ್ಲ. ಅವತ್ತೊಂದು ಬರೆದಿರಿ, ಇವತ್ತೊಂದು ಬರೆದಿರಿ, ಯಾವುದನ್ನು ನಂಬೋದು ಅಂದರು ವಿಚಾರಣೆಯವರು. ಹೆಸರು ಹೋದ ಹೊಟ್ಟೆಕಿಚ್ಚಿಗೆ ಬರೆದಿದ್ದಾಳೆ ಅಂದರು ಸರ್. ಓಬಣ್ಣ ಬ್ಯಾಡ್ಜು ಹಾಕಿದ್ದ ಅನ್ನೋದಕ್ಕೆ ಆ ಬ್ಯಾಡ್ಜೆಲ್ಲಿ ಅಂತ ಕೇಳಿದರು. ಪಲ್ಲವಿ ಆ ಜಾಗ ಬಿಟ್ಟಳು. ಈಗ ಹೊಳಲ್ಕೆರೆಯಲ್ಲಿ ಪಿಯು ಮಕ್ಕಳಿಗೆ ಪಾಠ ಹೇಳುತ್ತಾಳೆ. ಸಂಜೆ ಕ್ಲಾಸ್‌ರೂಮಿಗೆ ಬೀಗ ಹಾಕುವ ಮೊದಲು, ಬೆಂಚೆಲ್ಲ ಖಾಲಿಯಿದ್ದರೂ, ಮೂರು ಸಲ ಕರೆಯುತ್ತಾಳೆ. ಮಕ್ಕಳು ನಗುತ್ತಾರೆ.

ಇನ್ನೊಂದೇ ಒಂದು ವಿಷಯ. ಹೇಳಿ ಮುಗಿಸುತ್ತೇನೆ.

ಬ್ಯಾಡ್ಜುಗಳನ್ನು ಮೂರು ತಿಂಗಳಿಗೊಮ್ಮೆ ಡಬ್ಬಿಯಲ್ಲಿಟ್ಟು ಬೇರೆ ಊರಿನ ಆಫೀಸಿಗೆ ಕಳಿಸುತ್ತಾರೆ. ಅಲ್ಲಿ ಯಂತ್ರದಲ್ಲಿ ಓದಿ, ಯಾರಿಗೆ ಎಷ್ಟು ಕಿರಣ ಬಿತ್ತು ಅಂತ ಒಂದು ಹಾಳೆ ಕಳಿಸುತ್ತಾರೆ. ಬಿಟ್ಟು ಹೋದವರಿಗೂ ಒಂದು ಪ್ರತಿ ಬರುತ್ತದೆ. ಪಲ್ಲವಿಗೂ ಬಂತು, ಹೊಳಲ್ಕೆರೆಯ ವಿಳಾಸಕ್ಕೆ. ಓಬಣ್ಣ ಹೋದ ಮೇಲಿನ ಜನವರಿಯಿಂದ ಮಾರ್ಚಿನ ಹಾಳೆ. ನಂಬರಿನ ಪ್ರಕಾರ ಹೆಸರುಗಳು: ಒಂದು, ಎರಡು, ಮೂರು… ಎಲ್ಲರ ಮುಂದೆಯೂ ಸೊನ್ನೆ. ಸರ್ ಮುಂದೆ ಸೊನ್ನೆ. ದಿವ್ಯಾ ಮುಂದೆ ಸೊನ್ನೆ. ಪಲ್ಲವಿ ಮುಂದೆ ಸೊನ್ನೆ.

ಆದರೆ ಒಂದನೇ ನಂಬರಿಗಿಂತ ಮೇಲೆ ಇನ್ನೊಂದು ಸಾಲಿತ್ತು. ನಂಬರು ಹದಿನಾಲ್ಕು. ಅದರ ಮುಂದೆ ಸೊನ್ನೆಯಿರಲಿಲ್ಲ, ಒಂದು ಅಂಕಿಯಿತ್ತು. ಪಲ್ಲವಿ ಲೆಕ್ಕ ಹಾಕಿ ನೋಡಿದಳು. ಅಷ್ಟು ಕಿರಣ ಬೀಳಬೇಕಾದರೆ ಆ ಕಿಂಡಿಯ ಮುಂದೆ ಸರಿಯಾಗಿ ಮೂರು ನಿಮಿಷ ನಿಲ್ಲಬೇಕು.

ಆ ಬ್ಯಾಡ್ಜನ್ನು ಡಬ್ಬಿಯಲ್ಲಿಟ್ಟವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ವಿಚಾರಣೆ ಮುಚ್ಚಿತ್ತು, ಹಾಳೆ ಅವಳ ಕಪಾಟಿನಲ್ಲೇ ಇದೆ. ನಾನು ಕೈಯಲ್ಲಿ ಹಿಡಿದು, ಕನ್ನಡಕ ಹಾಕಿಕೊಂಡು, ಎರಡು ಸಲ ಓದಿದ್ದೇನೆ. ಸುಳ್ಳು ಹೇಳಿದರೆ ನನ್ನ ನಾಲಿಗೆ ಬೀಳಲಿ. ಮೊದಲನೇ ಹೆಸರು ಓಬಣ್ಣನದೇ ಇತ್ತು.